ಹಸ್ತಪ್ರತಿಗಳ ಬಣ್ಣ ಮತ್ತು ‘ಸಸ್ಯಜನ್ಯ’ ಎಂಬ ವಿಶೇಷಣ

ಮಧ್ಯಯುಗದ ಹಸ್ತಪ್ರತಿಗಳ ಬಣ್ಣಗಳನ್ನು ಮತ್ತೆ ತಯಾರಿಸಿ ನೋಡುವ ಪ್ರಯತ್ನಗಳು ಸ್ವಾಗತಾರ್ಹವಾದವು. ಆದರೆ ಅವುಗಳನ್ನು ಕುರಿತ ಬರಹಗಳಲ್ಲಿ ‘ಸಸ್ಯಜನ್ಯ’ ಎಂಬ ವಿಶೇಷಣವು ಪರೀಕ್ಷೆಯಿಲ್ಲದೆ ಬಳಕೆಯಾಗುತ್ತಿದೆ. ಹಳೆಯ ಬಣ್ಣವೆಲ್ಲ ಹೂವು, ಸೊಪ್ಪು, ತೊಗಟೆಗಳಿಂದಲೇ ಬಂದಿತೆಂಬ ಈ ಗ್ರಹಿಕೆಯನ್ನು ಆಕರಗಳೊಡನೆ ಇಟ್ಟು ನೋಡಬೇಕಾಗಿದೆ.

ಜಹೀರಾಬಾದ್, ನಾರಾಯಣಖೇಡ ಮತ್ತು ತಾಂಡೂರು ಪ್ರದೇಶದವರಿಗೆ ಸಮೀಪದ ಆಕರವೆಂದರೆ ‘ಮಾನಸೋಲ್ಲಾಸ’. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ಈ ಸಂಸ್ಕೃತ ಕೃತಿಯ ಚಿತ್ರಪ್ರಕರಣವು ಬಿಳುಪಿಗೆ ಶಂಖವನ್ನೂ ಕೆಂಪಿಗೆ ಇಂಗಳೀಕ, ಅರಗಿನ ರಸ, ಕಾವಿಗಳನ್ನೂ ಹಳದಿಗೆ ಹರಿತಾಳವನ್ನೂ ಕಪ್ಪಿಗೆ ಕಾಡಿಗೆಯನ್ನೂ ಹೇಳುತ್ತದೆ. ಇಂಗಳೀಕ, ಕಾವಿ, ಹರಿತಾಳಗಳು ಖನಿಜಗಳು, ಶಂಖ ಕಡಲಿನದು, ಅರಗು ಕೀಟದ್ದು. ಬಣ್ಣವನ್ನು ಹಿಡಿದಿಡುವ ವಜ್ರಲೇಪವು ಎಮ್ಮೆಯ ತೊಗಲನ್ನು ಬೇಯಿಸಿ ಮಾಡುವಂಥದು. ಸಸ್ಯದಿಂದ ನೇರವಾಗಿ ಬರುವುದು ಮುಖ್ಯವಾಗಿ ನೀಲಿ. ಅದು ಹರಿತಾಳದೊಡನೆ ಬೆರೆತು ಹಸಿರಾಗುತ್ತದೆ.

ಈ ಪ್ರಕರಣವು ಗೋಡೆಯ ಚಿತ್ರಗಳನ್ನು ಮುಂದಿಟ್ಟುಕೊಂಡಿದೆ, ಹಸ್ತಪ್ರತಿಗಳನ್ನಲ್ಲ ಎಂಬ ಆಕ್ಷೇಪ ನ್ಯಾಯವಾದುದೇ. ಹಾಗಾದರೆ ಮೂಡಬಿದಿರೆಯ ಧವಳಾ ತಾಳೆಗರಿಗಳ ಚಿತ್ರಗಳಂತಹ ನಿದರ್ಶನಗಳನ್ನು ಒಂದೊಂದಾಗಿ ಪರೀಕ್ಷಿಸಿಯೇ ಮಾತನಾಡಬೇಕಲ್ಲದೆ ಒಟ್ಟಾಗಿ ‘ಸಸ್ಯಜನ್ಯ’ ಎನ್ನಲಾಗದು.

ತಾಂತ್ರಿಕವಾದ ಇನ್ನೊಂದು ತೊಡಕೂ ಇದೆ. ಗಿಡದಿಂದ ತೆಗೆದ ರಸವು ಸಾಮಾನ್ಯವಾಗಿ ನೀರಿನಲ್ಲಿ ಕರಗುವ ರಂಗು. ಅದು ಬಟ್ಟೆಗೆ ಹತ್ತುತ್ತದೆ, ಆದರೆ ಚಿತ್ರಕಾರನಿಗೆ ಬೇಕಾದ ಕರಗದ ಪುಡಿಯಾಗುವುದಿಲ್ಲ. ಪಟಿಕದಂತಹ ವಸ್ತುವಿನ ನೆರವಿನಿಂದ ಅದನ್ನು ಗಟ್ಟಿಗೊಳಿಸಬೇಕು. ನೀಲಿ ಮಾತ್ರ ತಾನಾಗಿಯೇ ಕರಗದ ಪುಡಿಯಾಗಿ ದೊರೆಯುತ್ತದೆ. ಅರಿಸಿನದ ಹಳದಿ ಬೆಳಕಿಗೆ ಬೇಗ ಮಂಕಾಗುತ್ತದೆ. ಅರಿಸಿನವನ್ನು ಅರೆದು ಹರಿತಾಳದ ಸ್ಥಾನದಲ್ಲಿಟ್ಟರೆ ದೊರೆಯುವುದು ಇಂದಿನ ಬದಲಿ ಬಣ್ಣ, ಪುನಃಸೃಷ್ಟಿಯಲ್ಲ. ಹರಿತಾಳ ಪಾಷಾಣಯುಕ್ತವಾದುದರಿಂದ ಬದಲಿಯ ಬಳಕೆ ವಿವೇಕವೇ ಸರಿ. ಆದರೆ ಬದಲಿಯನ್ನು ಬದಲಿಯೆಂದೇ ಬರೆಯಬೇಕು.

ವಿಶೇಷಣವು ಹೆಚ್ಚು ಒಪ್ಪುವ ವಸ್ತು ಬೇರೆಡೆ ಇದೆ. ಅದು ವರ್ಣಚಿತ್ರವಲ್ಲದ ಕಾರಣ ಪ್ರದರ್ಶನಗಳ ಕಣ್ಣಿಗೆ ಬಿದ್ದಿಲ್ಲ. ಕನ್ನಡ ನಾಡಿನ ಕಡತವನ್ನು ನೋಡಿ: ಹತ್ತಿಯ ಬಟ್ಟೆಗೆ ಹುಣಸೆಬೀಜದ ಸರಿ ಮತ್ತು ಇದ್ದಿಲ ಪುಡಿಯನ್ನು ಲೇಪಿಸಿ ಕಪ್ಪು ಹಾಳೆಯಾಗಿಸಿ, ಬಳಪದಿಂದ ಬಿಳಿಯ ಅಕ್ಷರ ಬರೆಯುತ್ತಿದ್ದರು. ಬಟ್ಟೆ, ಅಂಟು, ಕಪ್ಪು ಮೂರೂ ಸಸ್ಯದವು; ಅಕ್ಷರದ ಬಿಳುಪು ಮಾತ್ರ ಕಲ್ಲಿನದು. ಓಲೆಗರಿಯಲ್ಲಿಯೂ ಕಂಠದಿಂದ ಕೊರೆದ ಗೆರೆಗೆ ಕಾಡಿಗೆ ತೀಡಿದಾಗಲೇ ಅಕ್ಷರ ಕಾಣುತ್ತದೆ. ಬೆಡಗಿನ ಕೆಂಪು, ಹಸಿರುಗಳ ಬೆನ್ನುಹತ್ತಿ ನಾವು ಈ ಕಪ್ಪನ್ನು ಮರೆತಿದ್ದೇವೆ.

ಈ ಮರೆವಿನಿಂದ ಗಡಿಭಾಗಕ್ಕೆ ಆಗುವ ನಷ್ಟ ಹೆಚ್ಚು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಬೀದರ ಜಿಲ್ಲೆಯ ನಾರಾಯಣಖೇಡ ತಾಲ್ಲೂಕು, ಜಹೀರಾಬಾದ್ ತಾಲ್ಲೂಕಿನ ಬಹುಭಾಗ ಮತ್ತು ಗುಲಬರ್ಗಾ ಜಿಲ್ಲೆಯ ತಾಂಡೂರು ಆಂಧ್ರಪ್ರದೇಶಕ್ಕೆ ಸೇರಿದವು. ಆಡಳಿತದ ಭಾಷೆ ಬದಲಾದ ಕಡೆ ಹಳೆಯ ಬರವಣಿಗೆಯ ಕಟ್ಟುಗಳು ಓದುಗರನ್ನು ಕಳೆದುಕೊಳ್ಳುತ್ತವೆ. ಓದಲಾರದ ಕಟ್ಟು ಮನೆಯಲ್ಲಿ ಹೆಚ್ಚು ಕಾಲ ಉಳಿಯುವುದಿಲ್ಲ. ಅದರೊಡನೆ ಸರಿ ಕಾಯಿಸುವ ಹದ, ಕಾಡಿಗೆ ಹಿಡಿಯುವ ಬಗೆ ಮತ್ತು ಅವುಗಳ ಹೆಸರುಗಳೂ ಹೋಗುತ್ತವೆ.

ಆದ್ದರಿಂದ ಈ ಪ್ರದೇಶದಲ್ಲಿ ಪುನಃಸೃಷ್ಟಿಗೆ ತೊಡಗುವವರು ಕಪ್ಪಿನಿಂದ ಆರಂಭಿಸುವುದು ಉಚಿತ. ಅದಕ್ಕೆ ಬೇಕಾದ ಹುಣಸೆ, ಹತ್ತಿ, ಇದ್ದಿಲುಗಳು ದುಬಾರಿಯಲ್ಲ, ವಿಷವೂ ಅಲ್ಲ. ಪ್ರಯೋಗದ ದಾಖಲೆಯಲ್ಲಿ ಅಳತೆ ಮತ್ತು ವಿಫಲ ಯತ್ನಗಳೊಡನೆ ಹುಣಸೆ, ಹುಣಚಿ, ತೆಲುಗಿನ ಚಿಂತ, ಉರ್ದುವಿನ ಇಮ್ಲಿ ಎಂಬ ಹೆಸರುಗಳೂ ಹೇಳಿದವರ ಮಾತಿನಲ್ಲಿಯೇ ಉಳಿಯಲಿ. ಮಾನಸೋಲ್ಲಾಸದ ಸಂಸ್ಕೃತ ಪಟ್ಟಿಯನ್ನಷ್ಟೇ ಉದ್ಧರಿಸಿದ ವರದಿಯು ಗ್ರಂಥಾಲಯಕ್ಕೆ ಸಲ್ಲುತ್ತದೆ. ಊರಿನ ಮಾತಿನಲ್ಲಿ ಹದವನ್ನು ಬರೆದಿಟ್ಟದ್ದು ಮಾತ್ರ ಮತ್ತೊಬ್ಬರ ಕೈಗೆ ದಾಟುತ್ತದೆ.