ಒತ್ತಿ ಕಲಿಸುವ ಗೊಂಬೆ

ವೈದ್ಯಕೀಯ ಕಾಲೇಜುಗಳ ಸ್ಕಿಲ್ ಲ್ಯಾಬಿನಲ್ಲಿ ಮಲಗಿ, ಹೃದಯ ನಿಂತವರ ಎದೆ ಒತ್ತಿ ಉಸಿರು ಊದಿ ಜೀವ ಉಳಿಸುವುದನ್ನು ಕಲಿಸುವ ರೆಸಸಿ ಆನ್ ಎಂಬ ಗೊಂಬೆಯಷ್ಟು ತಾಳ್ಮೆಯ ಗುರುವನ್ನು ನಾನು ಕಂಡಿಲ್ಲ. ನಾರ್ವೆಯ ಸ್ಟಾವಾಂಗರ್‌ನಲ್ಲಿ ಆಟಿಕೆ ತಯಾರಿಸುತ್ತಿದ್ದ ಆಸ್ಮುಂಡ್ ಲೇರ್ಡಾಲ್ 1960ರಲ್ಲಿ ಇದನ್ನು ಹೊರತಂದರು. ಮೆತ್ತನೆಯ ಪ್ಲಾಸ್ಟಿಕ್ಕಿನಲ್ಲಿ ಗೊಂಬೆ ಮಾಡಿ ಪಳಗಿದ್ದ ಕೈ ಅದು. ಮುಖಕ್ಕೆ ಮಾದರಿ, ಪ್ಯಾರಿಸ್ಸಿನ ಸೇನ್ ನದಿಯಲ್ಲಿ ಸಿಕ್ಕಳೆಂದು ಹೇಳಲಾಗುವ ಅನಾಮಿಕ ಯುವತಿಯ ಮುಖವಾಡ. ಆ ಕಥೆ ನಿಜವಿರಲಿ, ಬಿಡಲಿ, ಮುಖದಲ್ಲಿನ ಶಾಂತಿ ಮಾತ್ರ ಎಂಥವರನ್ನೂ ಹಿಡಿದು ನಿಲ್ಲಿಸುತ್ತದೆ.

ಗೊಂಬೆಯ ಅಸಲಿ ಸೊಗಸಿರುವುದು ಎದೆಯಲ್ಲಿ. ವಿದ್ಯಾರ್ಥಿ ಮಂಡಿಯೂರಿ, ಮೊಣಕೈ ಮಡಿಸದೆ, ಅಂಗೈಯ ಬುಡವನ್ನು ಎದೆಮೂಳೆಯ ಕೆಳ ಅರ್ಧದ ಮೇಲಿಟ್ಟು ಒತ್ತಬೇಕು. 5ರಿಂದ 6 ಸೆಂ.ಮೀ. ಆಳ, ನಿಮಿಷಕ್ಕೆ 100ರಿಂದ 120 ಸಲ. ಸಾಕಷ್ಟು ಆಳಕ್ಕೆ ಹೋದರೆ ಎಷ್ಟೋ ಮಾದರಿಗಳು ‘ಟಕ್’ ಎನ್ನುತ್ತವೆ. 30 ಸಲ ಒತ್ತಿದ ಮೇಲೆ ತಲೆ ಹಿಂದಕ್ಕೆ ಬಾಗಿಸಿ, ಗದ್ದ ಎತ್ತಿ, 2 ಸಲ ಉಸಿರು ಊದಬೇಕು. ತಲೆ ಸರಿಯಾಗಿ ಬಾಗದಿದ್ದರೆ ಎಷ್ಟು ಊದಿದರೂ ಎದೆ ಮೇಲೇಳದು. ಪುಸ್ತಕದಲ್ಲಿ ಪುಟಗಟ್ಟಲೆ ಓದಿದ್ದು ಆಗ ತಟ್ಟನೆ ಹೊಳೆಯುತ್ತದೆ. ಎರಡೇ ನಿಮಿಷಕ್ಕೆ ಬೆವರಿಳಿದು ರಟ್ಟೆ ಸೋಲುತ್ತದೆ. ಆಗ ಒತ್ತುವ ಕೆಲಸವನ್ನು ಜೊತೆಗಾರರು ವಹಿಸಿಕೊಳ್ಳಬೇಕು ಎಂಬುದೂ ಅಲ್ಲೇ ತಿಳಿಯುವುದು.

ಇಲ್ಲಿ ತಪ್ಪಿದರೆ ಯಾರ ಜೀವಕ್ಕೂ ಕುತ್ತಿಲ್ಲ. ನಮ್ಮ ವೈದ್ಯಕೀಯ ಕಾಲೇಜುಗಳಲ್ಲಿ ಈಗ ಸ್ಕಿಲ್ ಲ್ಯಾಬ್ ಕಡ್ಡಾಯ. ಆದರೆ ಬೀಗ ಹಾಕಿದ ಕೋಣೆಯಲ್ಲಿ ಗೊಂಬೆ ಇದ್ದು ಏನು ಪ್ರಯೋಜನ? ಪರೀಕ್ಷೆಯ ವಾರವಷ್ಟೇ ಅಲ್ಲ, ದಿನಾ ಸಂಜೆ ತರಗತಿ ಮುಗಿದ ಮೇಲೂ ಆ ಬಾಗಿಲು ತೆರೆದಿಡಿ. ಮಕ್ಕಳು ಬಂದು ಕೈ ಪಳಗಿಸಿಕೊಳ್ಳಲಿ.