ಮೂಗು ಬಿಡಿಸುವ ಮದ್ದುಗಳಲ್ಲಿ ಯಾವುದು ನಂಬಿಕೆಗೆ ಅರ್ಹ?

ಅಕ್ಷಯ ತದಿಗೆಯ ಚಂದನೋತ್ಸವದಂದು ಆಂಧ್ರದ ಸಿಂಹಾಚಲಂ ಬೆಟ್ಟದ ವರಾಹ ನರಸಿಂಹನ ನಿಜರೂಪ ಕಾಣಬಹುದು. ಉಳಿದ ದಿನವೆಲ್ಲ ದೇವರ ಮೈಮೇಲೆ ಗಂಧದ ಲೇಪ. ಬೆಂಗಳೂರಿನಿಂದ ವಿಜಯವಾಡ ಹಾದು ರಾತ್ರಿಯಿಡೀ ಎಸಿ ಬೋಗಿಯಲ್ಲಿ ಬಂದ ಯಾತ್ರಿಕನಿಗೆ ಮೂಗು ಕಟ್ಟಿದ್ದರೆ, ಸರತಿ ಸಾಲಿಗೆ ಮೊದಲು ಅವನು ಹುಡುಕುವುದು ಮೆಡಿಕಲ್ ಶಾಪನ್ನೇ. ಅದರಲ್ಲಿ ತಪ್ಪೇನಿಲ್ಲ. ಆದರೆ ಅಲ್ಲಿ ಸಿಗುವ ಮಾತ್ರೆ, ಹನಿ, ಮುಲಾಮು ಮೂರನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು.

ನೆಗಡಿ ಮಾತ್ರೆಗಳಲ್ಲಿ ಮೂಗು ಬಿಡಿಸಲೆಂದು ಸೇರಿಸುವುದು ಸಾಮಾನ್ಯವಾಗಿ ಫೆನೈಲೆಫ್ರಿನ್. ನುಂಗಿದ ಫೆನೈಲೆಫ್ರಿನ್ ಬಹುಪಾಲು ಕರುಳಿನಲ್ಲೇ ಒಡೆದುಹೋಗುತ್ತದೆ, ಮೂಗಿನವರೆಗೆ ತಲುಪುವುದು ಅತ್ಯಲ್ಪ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯ ತಜ್ಞ ಸಮಿತಿ 2023ರ ಸೆಪ್ಟೆಂಬರ್‌ನಲ್ಲಿ ಇದು ಪರಿಣಾಮಕಾರಿಯಲ್ಲವೆಂದು ಒಮ್ಮತದಿಂದ ಹೇಳಿತು. ಮರುವರ್ಷ ಇದನ್ನು ವೈದ್ಯರ ಚೀಟಿಯಿಲ್ಲದೆ ಮಾರುವ ಪಟ್ಟಿಯಿಂದ ಕೈಬಿಡುವ ಪ್ರಸ್ತಾವವೂ ಬಂತು. ಅಲ್ಲಿ ಇದು ವ್ಯಾಪಕವಾಗಿ ಬಳಕೆಗೆ ಬಂದ ಕಾರಣವೂ ತಿಳಿಯತಕ್ಕದ್ದು. ಕೆಲಸ ಮಾಡುತ್ತಿದ್ದ ಸ್ಯೂಡೋಎಫೆಡ್ರಿನ್‌ನಿಂದ ಮಾದಕವಸ್ತು ತಯಾರಿಸುತ್ತಾರೆಂದು 2006ರಲ್ಲಿ ಅದರ ಮಾರಾಟಕ್ಕೆ ಕಡಿವಾಣ ಬಿತ್ತು. ಸುಲಭವಾಗಿ ಮಾರಬಹುದಾದ ಫೆನೈಲೆಫ್ರಿನ್ ಆ ಜಾಗಕ್ಕೆ ಬಂತು. ಮಾತ್ರೆ ನುಂಗಿದವರಿಗೆ ಹಾಯೆನಿಸಿದರೆ ಆ ಶ್ರೇಯಸ್ಸು ಜೊತೆಗಿರುವ ಪ್ಯಾರಸಿಟಮಾಲ್‌ಗೆ, ನಿದ್ದೆ ಬರಿಸುವ ಅಲರ್ಜಿ ಮದ್ದಿಗೆ ಸಲ್ಲಬೇಕು.

ಹನಿಯ ವಿಷಯ ಬೇರೆ. ಮೂಗು ಕಟ್ಟುವುದು ಬರೀ ಸಿಂಬಳದಿಂದಲ್ಲ, ಒಳಗಿನ ರಕ್ತನಾಳಗಳು ಉಬ್ಬುವುದರಿಂದ. ಕ್ಸೈಲೋಮೆಟಾಜೋಲಿನ್, ಆಕ್ಸಿಮೆಟಾಜೋಲಿನ್ ಆ ನಾಳಗಳನ್ನೇ ಬಿಗಿಸುತ್ತವೆ. ಕೆಲವೇ ನಿಮಿಷಗಳಲ್ಲಿ ಉಸಿರು ಸರಾಗ, ಗಂಟೆಗಟ್ಟಲೆ ನೆಮ್ಮದಿ. ಇಷ್ಟು ಪ್ರಾಮಾಣಿಕವಾಗಿ ಕೆಲಸ ಮಾಡುವ ನೆಗಡಿ ಮದ್ದು ಅಂಗಡಿಯಲ್ಲಿ ಇನ್ನೊಂದಿಲ್ಲ ಎಂದೇ ನನ್ನ ಅಭಿಪ್ರಾಯ. ಅಪಾಯವೂ ಆ ಗುಣದಲ್ಲೇ ಇದೆ. ದಿನಗಟ್ಟಲೆ ಬಿಟ್ಟೂಬಿಡದೆ ಹಾಕಿದರೆ ಮದ್ದಿನ ಪ್ರಭಾವ ಇಳಿದೊಡನೆ ನಾಳಗಳು ಮತ್ತೆ ಉಬ್ಬುತ್ತವೆ. ಮತ್ತೆ ಹನಿ, ಮತ್ತೆ ಉಬ್ಬು. ನೆಗಡಿ ಹೋದರೂ ಬಾಟಲಿ ಜೇಬು ಬಿಡುವುದಿಲ್ಲ. ಹೀಗೆ ವರ್ಷಗಟ್ಟಲೆ ಸಿಕ್ಕಿಬಿದ್ದವರಿದ್ದಾರೆ, ಇದು ತಮಾಷೆಯ ಮಾತಲ್ಲ. ಮೂರು ದಿನಕ್ಕೆ ನಿಲ್ಲಿಸುವುದು ಕ್ಷೇಮ. ನಮ್ಮ ಆರೋಗ್ಯ ಸಚಿವಾಲಯ 2022ರಲ್ಲಿ ಚೀಟಿಯಿಲ್ಲದೆ ಮಾರಬಹುದಾದ 16 ಔಷಧಗಳ ಕರಡು ಪಟ್ಟಿ ಹೊರಡಿಸಿದಾಗ ಈ ಹನಿಗಳೂ ಅದರಲ್ಲಿದ್ದವು, ಐದು ದಿನದ ಮಿತಿಯೊಡನೆ. ಕೌಂಟರಿನಲ್ಲಿ ಆ ಮಿತಿಯನ್ನು ಬಾಯಿಬಿಟ್ಟು ಹೇಳುವವರು ಬೇಕು. ‘ಎಷ್ಟು ದಿನದಿಂದ ಹಾಕುತ್ತಿದ್ದೀರಿ, ಬಿಪಿ ಇದೆಯೇ’ ಎಂದು ಕೇಳದೆ ಬಾಟಲಿ ಕೊಡುವುದು ಅರ್ಧ ಕೆಲಸ.

ಮುಲಾಮಿನ ಬಗ್ಗೆ ಆಂಧ್ರದ ನೆಲದಲ್ಲಿ ಮಾತಾಡುವಾಗ ಅಮೃತಾಂಜನವನ್ನು ನೆನೆಯಲೇಬೇಕು. 1893ರಲ್ಲಿ ಅದನ್ನು ಆರಂಭಿಸಿದ ಕಾಶೀನಾಥುನಿ ನಾಗೇಶ್ವರರಾವ್ ಕೃಷ್ಣಾ ಜಿಲ್ಲೆಯವರು. ಇಂಥ ಮುಲಾಮುಗಳಲ್ಲಿರುವ ಮೆಂಥಾಲ್ ಮೂಗನ್ನು ತೆರೆಯುವುದಿಲ್ಲ, ತಂಪಿನ ನರಗಳನ್ನು ಕೆಣಕಿ ಗಾಳಿ ಆಡುತ್ತಿದೆ ಎಂಬ ಭಾವ ಕೊಡುತ್ತದೆ. ಹಾಗೆಂದು ಹಣೆಗೆ ಹಚ್ಚಿ ಮಲಗುವವರನ್ನು ನಾನು ತಡೆಯಲಾರೆ. ಹಸುಗೂಸಿನ ಮೂಗಿಗೆ ಮಾತ್ರ ಸವರಬಾರದು.

ಮಕ್ಕಳ ಸಿರಪ್ಪಿನ ವಿಷಯದಲ್ಲಿ ರಾಜಿಯೇ ಬೇಡ. ಕ್ಲೋರ್‌ಫೆನಿರಮೈನ್ ಮತ್ತು ಫೆನೈಲೆಫ್ರಿನ್ ಮಿಶ್ರಣವನ್ನು 4 ವರ್ಷದೊಳಗಿನವರಿಗೆ ಕೊಡಕೂಡದೆಂದು ಭಾರತದ ಔಷಧ ನಿಯಂತ್ರಕರು 2023ರ ಡಿಸೆಂಬರ್‌ನಲ್ಲೇ ಹೇಳಿದ್ದಾರೆ. ಆ ವಯಸ್ಸಿಗೆ ಅದೇ ಅಂಗಡಿಯಲ್ಲಿ ಸಿಗುವ ಉಪ್ಪುನೀರಿನ ಸಲೈನ್ ಹನಿ ಸಾಕು.