ಬ್ರಿಕೆಟ್ಟೋ, ಪೆಲೆಟ್ಟೋ? ಬಾಯ್ಲರ್ ಇಂಧನದ ಆಯ್ಕೆ ಎಡವುವುದೆಲ್ಲಿ

ಶೆಟ್ಟಿಹಳ್ಳಿ ಎಂಬ ಹೆಸರು ತುಮಕೂರು ಸೀಮೆಯಲ್ಲಿ ಒಂದೇ ಊರಿನದಲ್ಲ. ತುಮಕೂರು ನಗರದಲ್ಲಿ ಒಂದು ಶೆಟ್ಟಿಹಳ್ಳಿ ಇದೆ. ಗುಬ್ಬಿ ತಾಲ್ಲೂಕಿನಲ್ಲಿ ಒಂದು, ಕುಣಿಗಲ್ ತಾಲ್ಲೂಕಿನಲ್ಲಿ ಇನ್ನೊಂದು. "ಶೆಟ್ಟಿಹಳ್ಳಿಗೆ ಒಂದು ಲೋಡು ಬ್ರಿಕೆಟ್ ಕಳಿಸಿ" ಎಂದಷ್ಟೇ ಹೇಳಿದರೆ ಲಾರಿ ಎಲ್ಲಿಗೆ ಹೋಗಬೇಕು? ವಿಳಾಸದ ತೊಡಕನ್ನು ಒಂದು ದೂರವಾಣಿ ಕರೆಯಿಂದ ಬಿಡಿಸಬಹುದು. ಆದರೆ ಆ ವಾಕ್ಯದಲ್ಲಿ ಇನ್ನೊಂದು ತೊಡಕಿದೆ. ‘ಬ್ರಿಕೆಟ್’ ಎಂದರೆ ಯಾವುದು? ಕಡಲೆಕಾಯಿ ಸಿಪ್ಪೆಯದೋ, ಭತ್ತದ ಹೊಟ್ಟಿನದೋ, ಮರದ ಹೊಟ್ಟಿನದೋ? ತೇವ ಎಷ್ಟು, ಬೂದಿ ಎಷ್ಟು? ಇವನ್ನು ಕೇಳುವವರು ವಿರಳ. ಟನ್ನಿಗೆ ಎಷ್ಟು ರೂಪಾಯಿ ಎಂಬಲ್ಲಿಗೆ ಮಾತು ಮುಗಿಯುತ್ತದೆ.

ಅಕ್ಕಿ ಗಿರಣಿ, ಬಟ್ಟೆಗೆ ಬಣ್ಣ ಹಾಕುವ ಘಟಕ, ಆಹಾರ ಸಂಸ್ಕರಣೆ, ಔಷಧ ತಯಾರಿಕೆ ಮುಂತಾದ ಕೈಗಾರಿಕೆಗಳಿಗೆ ಹಬೆ ಬೇಕು. ಹಬೆಗೆ ಬಾಯ್ಲರ್, ಬಾಯ್ಲರಿಗೆ ಇಂಧನ. ಕಲ್ಲಿದ್ದಲು, ಫರ್ನೇಸ್ ಆಯಿಲ್‌ಗಳ ಜಾಗಕ್ಕೆ ಈಗ ಕೃಷಿ ತ್ಯಾಜ್ಯವನ್ನು ಒತ್ತಿ ತಯಾರಿಸಿದ ಜೀವರಾಶಿ ಇಂಧನ ಬರುತ್ತಿದೆ. ಬರಲಿ, ಅದು ಸ್ವಾಗತಾರ್ಹ. ಆದರೆ ಅದನ್ನು ಆರಿಸುವ ರೀತಿ ಭೌತವಿಜ್ಞಾನದ ಪರೀಕ್ಷೆಗೆ ನಿಲ್ಲುವುದಿಲ್ಲ ಎಂಬುದು ಈ ಲೇಖನದ ವಾದ. ಲೆಕ್ಕಗಳನ್ನು ನೀವೂ ಮಾಡಿ ನೋಡಬೇಕೆಂಬ ಉದ್ದೇಶದಿಂದ ಅಂಕಿಗಳನ್ನು ಬಿಡಿಸಿ ಕೊಟ್ಟಿದ್ದೇನೆ.

ಒತ್ತಿದರೆ ಶಾಖ ಹೆಚ್ಚುತ್ತದೆಯೆ?

ಮಾರಾಟದ ಕರಪತ್ರಗಳಲ್ಲಿ ಮೇಲಿಂದ ಮೇಲೆ ಕಾಣುವ ಮಾತು: "ಒತ್ತಿದ ಇಂಧನದಲ್ಲಿ ಶಾಖ ಹೆಚ್ಚು". ಇದು ಅರ್ಧ ಸತ್ಯ. ಒಂದು ಕಿಲೋಗ್ರಾಂ ಒಣ ಕಡಲೆಕಾಯಿ ಸಿಪ್ಪೆಯಲ್ಲಿ ಎಷ್ಟು ರಾಸಾಯನಿಕ ಶಕ್ತಿ ಇದೆಯೋ, ಅದನ್ನು ಒತ್ತಿ ಮಾಡಿದ ಒಂದು ಕಿಲೋಗ್ರಾಂ ಬ್ರಿಕೆಟ್ಟಿನಲ್ಲೂ ಅಷ್ಟೇ ಇರುತ್ತದೆ. ಹೆಚ್ಚುವುದು ಒಂದು ಘನಮೀಟರಿನಲ್ಲಿ ಅಡಕವಾಗುವ ಶಕ್ತಿ. ಬಿಡಿ ಹೊಟ್ಟು ಘನಮೀಟರಿಗೆ ಸುಮಾರು 100ರಿಂದ 150 ಕಿ.ಗ್ರಾಂ. ತೂಗಿದರೆ, ರಾಶಿ ಹಾಕಿದ ಬ್ರಿಕೆಟ್ ಅಥವಾ ಪೆಲೆಟ್ 600ರಿಂದ 700 ಕಿ.ಗ್ರಾಂ. ತೂಗುತ್ತದೆ. 30 ಘನಮೀಟರ್ ಹಿಡಿಸುವ ಲಾರಿಯಲ್ಲಿ ಬಿಡಿ ಹೊಟ್ಟು ತುಂಬಿದರೆ ಮೂರು ನಾಲ್ಕು ಟನ್ನಿಗೇ ಜಾಗ ಮುಗಿಯುತ್ತದೆ. ಒತ್ತಿದ ಇಂಧನವಾದರೆ ಜಾಗಕ್ಕಿಂತ ಮೊದಲು ತೂಕದ ಮಿತಿ ಬರುತ್ತದೆ.

ಒತ್ತುವಾಗ ಅಂಟು ಹಾಕಬೇಕಿಲ್ಲ. ಸಸ್ಯದ ಜೀವಕೋಶಗಳ ಗೋಡೆಯಲ್ಲಿ ಲಿಗ್ನಿನ್ ಎಂಬ ವಸ್ತುವಿದೆ. ಕಚ್ಚಾವಸ್ತುವಿನಲ್ಲಿ ಶೇ. 8-10ರಷ್ಟು ತೇವವಿದ್ದು, ಒತ್ತಡ ಮತ್ತು ಘರ್ಷಣೆಯಿಂದ ಉಷ್ಣತೆ 100° ಸೆ. ಆಸುಪಾಸು ಅಥವಾ ಅದಕ್ಕೂ ಮೇಲೆ ಏರಿದಾಗ ಲಿಗ್ನಿನ್ ಮೆತ್ತಗಾಗಿ ಕಣಗಳನ್ನು ಬೆಸೆಯುತ್ತದೆ; ತಣಿದಾಗ ಗಟ್ಟಿಯಾಗುತ್ತದೆ. ತೇವ ಅತಿಯಾದರೆ ಒಳಗಿನ ನೀರು ಆವಿಯಾಗಿ ಬ್ರಿಕೆಟ್ಟನ್ನು ಸೀಳುತ್ತದೆ. ತೀರ ಕಡಿಮೆಯಾದರೆ ಬೆಸುಗೆ ಸಾಲದೆ ಪುಡಿಯಾಗುತ್ತದೆ.

ಇದಕ್ಕೆ ಬೆಲೆಯೂ ಇದೆ. ಪಿಸ್ಟನ್ ಯಂತ್ರವು ಟನ್ನಿಗೆ ಸುಮಾರು 50 ಯೂನಿಟ್ ವಿದ್ಯುತ್ ಬಳಸುತ್ತದೆ ಎಂದುಕೊಳ್ಳಿ. ಅದು 180 ಮೆಗಾಜೂಲ್. ಉಷ್ಣ ವಿದ್ಯುತ್ ಸ್ಥಾವರದಲ್ಲಿ ಇಷ್ಟು ವಿದ್ಯುತ್ ಪಡೆಯಲು ಅದರ ಸುಮಾರು ಮೂರು ಪಟ್ಟು, ಎಂದರೆ 540 ಮೆಗಾಜೂಲ್ ಶಾಖ ಬೇಕು. ಒಂದು ಟನ್ ಇಂಧನದಿಂದ ಸಿಗುವುದು ಸುಮಾರು 14,800 ಮೆಗಾಜೂಲ್. ಅಂದರೆ ಒತ್ತುವುದಕ್ಕೇ ಶೇ. 3.6ರಷ್ಟು ತೆರಿಗೆ. ಪೆಲೆಟ್ಟಿಗೆ ಕಚ್ಚಾವಸ್ತುವನ್ನು ಇನ್ನೂ ನುಣ್ಣಗೆ ಅರೆಯಬೇಕಾದ್ದರಿಂದ ಈ ತೆರಿಗೆ ಇನ್ನೂ ಹೆಚ್ಚು.

ಇಲ್ಲಿಂದ ಒಂದು ನೇರ ತೀರ್ಮಾನ ಹೊರಡುತ್ತದೆ. ಒತ್ತುವಿಕೆಯು ದೂರ ಮತ್ತು ದಾಸ್ತಾನಿನ ಸಮಸ್ಯೆಗೆ ಉತ್ತರ. ಆ ಸಮಸ್ಯೆಯೇ ಇಲ್ಲದ ಕಡೆ ಉತ್ತರ ಬೇಕಿಲ್ಲ. ತನ್ನದೇ ಭತ್ತದ ಹೊಟ್ಟನ್ನು ತನ್ನದೇ ಕುಲುಮೆಯಲ್ಲಿ ಉರಿಸುವ ಗಿರಣಿ ಅದನ್ನು ಒತ್ತಿಸಿ ಮತ್ತೆ ಕೊಳ್ಳುವುದರಲ್ಲಿ ಅರ್ಥವಿಲ್ಲ. ಶಿರಾ, ಪಾವಗಡದ ಕಡಲೆಕಾಯಿ ಸಿಪ್ಪೆ ತುಮಕೂರಿನ ಅಂತರಸನಹಳ್ಳಿಗೋ ವಸಂತನರಸಾಪುರಕ್ಕೋ ಬರಬೇಕಾದರೆ, ಸುಗ್ಗಿಯಲ್ಲಿ ಸಿಕ್ಕಿದ್ದು ಮಳೆಗಾಲದವರೆಗೆ ಉಳಿಯಬೇಕಾದರೆ, ಆಗ ಒತ್ತುವುದು ಲಾಭ.

ಮೂರು ಬಗೆ

ಪಿಸ್ಟನ್ ಯಂತ್ರದ ಬ್ರಿಕೆಟ್ ಸಾಮಾನ್ಯವಾಗಿ 60ರಿಂದ 90 ಮಿ.ಮೀ. ವ್ಯಾಸದ ಗಟ್ಟಿ ದಿಂಡು. ಸ್ಕ್ರೂ ಯಂತ್ರದ ಬ್ರಿಕೆಟ್ಟಿಗೆ ನಡುವೆ ತೂತಿದ್ದು, ಹೊರಮೈ ಅರೆಸುಟ್ಟು ಕಪ್ಪಾಗಿರುತ್ತದೆ. ಅದರಿಂದಾಗಿ ತೇವವನ್ನು ತುಸು ಚೆನ್ನಾಗಿ ತಡೆಯುತ್ತದೆ. ಆದರೆ ಭತ್ತದ ಹೊಟ್ಟಿನ ಸಿಲಿಕಾ ಸ್ಕ್ರೂವನ್ನು ಬೇಗ ಸವೆಸುತ್ತದೆ. ಮೂರನೆಯದು ಪೆಲೆಟ್: 6ರಿಂದ 10 ಮಿ.ಮೀ. ವ್ಯಾಸದ ಗುಳಿಗೆ. ಇದು ಕಾಳಿನಂತೆ ಜಾರುವುದರಿಂದ ಯಂತ್ರದ ಮೂಲಕ ಅಳತೆಯಾಗಿ ಉಣಿಸಬಹುದು.

ಮೂರನ್ನೂ ಸೇರಿಸಿ ವ್ಯಾಪಾರದಲ್ಲಿ ‘ಬಿಳಿ ಕಲ್ಲಿದ್ದಲು’ ಎನ್ನುವುದುಂಟು. ಇದು ಬಿಳಿಯೂ ಅಲ್ಲ, ಕಲ್ಲಿದ್ದಲೂ ಅಲ್ಲ. ಉಷ್ಣಮೌಲ್ಯದಲ್ಲಿ ನಮ್ಮ ದೇಶದ ಹೆಚ್ಚು ಬೂದಿಯ ಕಲ್ಲಿದ್ದಲಿಗೆ ಸಮೀಪ ಎಂಬುದು ನಿಜ. ಆದರೆ ಜೀವರಾಶಿಯಲ್ಲಿ ಬಾಷ್ಪಶೀಲ ಅಂಶ ಬಹಳ ಹೆಚ್ಚು. ಬಿಸಿ ತಗಲಿದೊಡನೆ ಬಹುಪಾಲು ಅನಿಲವಾಗಿ ಹೊರಬಂದು ಜಾಲರಿಯ ಮೇಲ್ಗಡೆ ಉರಿಯುತ್ತದೆ. ಕಲ್ಲಿದ್ದಲಿನಂತೆ ಗಾಳಿಯನ್ನೆಲ್ಲ ಜಾಲರಿಯ ಕೆಳಗಿನಿಂದಲೇ ಕೊಟ್ಟರೆ ಹೊಗೆ ತಪ್ಪದು. ಮೇಲಿನಿಂದಲೂ ಗಾಳಿ ಬೇಕು. ಹೆಸರು ತಪ್ಪಾದರೆ ಕುಲುಮೆ ನಡೆಸುವ ಕ್ರಮವೂ ತಪ್ಪಾಗುತ್ತದೆ ಎಂಬುದಕ್ಕೆ ಇದೊಂದು ಉದಾಹರಣೆ.

ಪ್ರಮಾಣಪತ್ರದ ಒಂದೇ ಅಂಕಿ

ಇಬ್ಬರು ಪೂರೈಕೆದಾರರು ಕಿಲೋಗ್ರಾಮಿಗೆ 4,200 ಕಿಲೋಕ್ಯಾಲರಿ ಎಂಬ ಪ್ರಮಾಣಪತ್ರ ತೋರಿಸುತ್ತಾರೆನ್ನಿ. ಬೆಲೆಯೂ ಒಂದೇ. ಯಾವುದನ್ನು ಕೊಳ್ಳುತ್ತೀರಿ? ‘ಯಾವುದಾದರೇನು’ ಎನ್ನುವ ಮುನ್ನ ಒಂದು ಪ್ರಶ್ನೆ ಕೇಳಿ: ಈ ಅಂಕಿ ಒಣಗಿಸಿದ ಮಾದರಿಯದೋ, ಲಾರಿಯಿಂದ ಇಳಿದ ಮಾಲಿನದೋ?

4,200 ಕಿಲೋಕ್ಯಾಲರಿ ಎಂದರೆ ಸುಮಾರು 17.6 ಮೆಗಾಜೂಲ್. ಇದು ಒಣ ಇಂಧನದ ಒಟ್ಟು ಉಷ್ಣಮೌಲ್ಯ ಎಂದಿಟ್ಟುಕೊಳ್ಳೋಣ. ಒಣ ಜೀವರಾಶಿಯಲ್ಲಿ ಸುಮಾರು ಶೇ. 6 ಹೈಡ್ರೋಜನ್ ಇದೆ. ಅದು ಉರಿದಾಗ ತನ್ನ ಒಂಬತ್ತು ಪಟ್ಟು, ಎಂದರೆ 0.54 ಕಿ.ಗ್ರಾಂ. ನೀರು ಹುಟ್ಟುತ್ತದೆ. ಕಿಲೋಗ್ರಾಮಿಗೆ 2.44 ಮೆಗಾಜೂಲ್ ಗುಪ್ತೋಷ್ಣದಂತೆ ಈ ನೀರು 1.32 ಮೆಗಾಜೂಲ್ ಶಾಖವನ್ನು ಹೊತ್ತು ಚಿಮಣಿಯಿಂದ ಹೊರಟುಹೋಗುತ್ತದೆ. ಉಳಿದದ್ದು 16.28. ಇನ್ನು ಇಂಧನದಲ್ಲಿರುವ ತೇವದ ಲೆಕ್ಕ. ತೇವ ಎರಡು ಬಗೆಯಲ್ಲಿ ಕಾಡುತ್ತದೆ: ಇಂಧನದ ಜಾಗವನ್ನು ತಾನು ಆಕ್ರಮಿಸುತ್ತದೆ, ಆವಿಯಾಗಲು ಶಾಖವನ್ನೂ ಕೇಳುತ್ತದೆ.

ತೇವ ಶೇ. 8 ಇದ್ದರೆ ಸಿಗುವ ನಿವ್ವಳ ಶಾಖ: 16.28 × 0.92 – 2.44 × 0.08 = 14.78 ಮೆಗಾಜೂಲ್. ತೇವ ಶೇ. 18 ಇದ್ದರೆ: 16.28 × 0.82 – 2.44 × 0.18 = 12.91 ಮೆಗಾಜೂಲ್.

ಈಗ ಗಂಟೆಗೆ 4 ಟನ್ ಹಬೆ ಕೊಡುವ ಬಾಯ್ಲರ್ ದಿನಕ್ಕೆ 20 ಗಂಟೆ ನಡೆಯಲಿ. ಒಟ್ಟು 80 ಟನ್ ಹಬೆ. 30° ಸೆ. ನೀರಿನಿಂದ 10 ಬಾರ್ ಗೇಜ್ ಒತ್ತಡದ ಸಂತೃಪ್ತ ಹಬೆ ಮಾಡಲು ಟನ್ನಿಗೆ ಸುಮಾರು 2,655 ಮೆಗಾಜೂಲ್ ಬೇಕು. ನಿವ್ವಳ ಶಾಖದ ಮೇಲೆ ಬಾಯ್ಲರಿನ ದಕ್ಷತೆ ಶೇ. 75 ಎಂದಾದರೆ ಇಂಧನದಿಂದ 3,540 ಮೆಗಾಜೂಲ್ ಬರಬೇಕು. ಮೊದಲ ಇಂಧನ ಟನ್ ಹಬೆಗೆ ಸುಮಾರು 240 ಕಿ.ಗ್ರಾಂ., ಎರಡನೆಯದು ಸುಮಾರು 274 ಕಿ.ಗ್ರಾಂ. ದಿನಕ್ಕೆ ಹತ್ತಿರ ಹತ್ತಿರ 2.8 ಟನ್ ವ್ಯತ್ಯಾಸ! ಇಬ್ಬರ ಕೈಯಲ್ಲೂ ಒಂದೇ ಪ್ರಮಾಣಪತ್ರ. ಸುಳ್ಳು ಯಾರೂ ಹೇಳಿಲ್ಲ. ಆದರೂ ಒಬ್ಬರಿಂದ ಕೊಂಡವರು ತೂಕದ ಸೇತುವೆಯ ಮೇಲೆ ನೀರಿಗೆ ಹಣ ತೆತ್ತಿದ್ದಾರೆ.

ಗಾತ್ರ ತೀರ್ಮಾನಿಸುವುದೇನು?

ಉದ್ದನೆಯ ಸಿಲಿಂಡರಿನ ಮೇಲ್ಮೈಗೂ ಘನಗಾತ್ರಕ್ಕೂ ಇರುವ ಅನುಪಾತ ವ್ಯಾಸದ ವಿಲೋಮದಲ್ಲಿದೆ. 8 ಮಿ.ಮೀ. ಪೆಲೆಟ್ ಮತ್ತು 90 ಮಿ.ಮೀ. ಬ್ರಿಕೆಟ್ಟನ್ನು ಹೋಲಿಸಿದರೆ, ಅದೇ ತೂಕಕ್ಕೆ ಪೆಲೆಟ್ಟಿನ ಮೇಲ್ಮೈ ಸುಮಾರು 11 ಪಟ್ಟು ಹೆಚ್ಚು. ಶಾಖ ಒಳತಿರುಳಿಗೆ ತಲಪುವ ಕಾಲ ವ್ಯಾಸದ ವರ್ಗಕ್ಕೆ ಅನುಗುಣವಾದ್ದರಿಂದ ಬ್ರಿಕೆಟ್ಟಿಗೆ ಸುಮಾರು 127 ಪಟ್ಟು ಸಮಯ ಬೇಕು. ಬೆಂಕಿಯಲ್ಲಿ ಬ್ರಿಕೆಟ್ ಬಿರಿದು ತುಂಡಾಗುವುದರಿಂದ ವಾಸ್ತವದ ಅಂತರ ಇಷ್ಟಿರದು. ಆದರೂ ದಿಕ್ಕು ಸ್ಪಷ್ಟ. ಪೆಲೆಟ್ ಬೇಗ ಹೊತ್ತಿ ಬೇಗ ಉರಿಯುತ್ತದೆ. ಬ್ರಿಕೆಟ್ ನಿಧಾನವಾಗಿ, ಹೆಚ್ಚು ಹೊತ್ತು.

ಇದರಿಂದ ಪೆಲೆಟ್ಟೇ ಮೇಲು ಎನ್ನಬಹುದೆ? ಕೈಯಿಂದ ಇಂಧನ ಹಾಕುವ ಸ್ಥಿರ ಜಾಲರಿಯ ಕುಲುಮೆಗೆ ಪೆಲೆಟ್ ಸುರಿದರೆ ಸಂದುಗಳಲ್ಲಿ ಕೆಲವು ಕೆಳಗೆ ಬೀಳುತ್ತವೆ. ಉಳಿದವು ಒತ್ತಾಗಿ ಕೂತು ಗಾಳಿಯನ್ನು ತಡೆಯುತ್ತವೆ. ಅಂಥ ಕುಲುಮೆಗೆ ಬ್ರಿಕೆಟ್ಟೇ ಸರಿ. ಹಬೆಯ ಬೇಡಿಕೆ ಗಳಿಗೆಗೊಮ್ಮೆ ಏರಿಳಿಯುವ, ಸ್ವಯಂಚಾಲಿತ ಉಣಿಕೆಯುಳ್ಳ ಬಾಯ್ಲರಿಗೆ ಪೆಲೆಟ್ ಹೊಂದುತ್ತದೆ. ಮರಳಿನ ಹಾಸನ್ನು ಗಾಳಿಯಿಂದ ತೇಲಿಸಿ ಉರಿಸುವ ದ್ರವೀಕೃತ ಹಾಸಿನ ಬಾಯ್ಲರ್ ಬಿಡಿ ಹೊಟ್ಟನ್ನೇ ಉರಿಸಬಲ್ಲದು. 2021ರ ಅಕ್ಟೋಬರಿನಲ್ಲಿ ಕೇಂದ್ರ ವಿದ್ಯುತ್ ಸಚಿವಾಲಯ ಕಲ್ಲಿದ್ದಲಿನ ವಿದ್ಯುತ್ ಸ್ಥಾವರಗಳಲ್ಲಿ ಶೇ. 5 ಜೀವರಾಶಿ ಬೆರೆಸುವ ನೀತಿ ಪ್ರಕಟಿಸಿದಾಗ ಪೆಲೆಟ್ಟಿಗೆ ಮಹತ್ವ ಬಂದದ್ದೂ ಯಂತ್ರದ ಕಾರಣದಿಂದಲೇ: ಅಲ್ಲಿ ಇಂಧನ ಕಲ್ಲಿದ್ದಲನ್ನು ಪುಡಿಮಾಡುವ ಗಿರಣಿಯ ಮೂಲಕ ಹೋಗಬೇಕು. ಅಲ್ಲಿಗೆ ತಕ್ಕದ್ದು ನಮ್ಮ ಪುಟ್ಟ ಬಾಯ್ಲರಿಗೂ ತಕ್ಕದ್ದೆಂದು ಭಾವಿಸುವುದು ತಪ್ಪು.

ಬೂದಿ ಹೇಳುವ ಕಥೆ

ಭತ್ತದ ಹೊಟ್ಟಿನಲ್ಲಿ ಸುಮಾರು ಶೇ. 16ರಿಂದ 20ರಷ್ಟು ಬೂದಿ. ಕಡಲೆಕಾಯಿ ಸಿಪ್ಪೆಯಲ್ಲಿ ಅದಕ್ಕಿಂತ ಬಹಳ ಕಡಿಮೆ. ಮೇಲಿನದೇ ಬಾಯ್ಲರಿನಲ್ಲಿ, ಶೇ. 10 ತೇವದ ಎರಡು ಇಂಧನಗಳನ್ನು ಲೆಕ್ಕಿಸಿ: ಒಂದರಲ್ಲಿ ಬೂದಿ ಶೇ. 18, ಇನ್ನೊಂದರಲ್ಲಿ ಶೇ. 4. ಉಷ್ಣಮೌಲ್ಯದ ವ್ಯತ್ಯಾಸವನ್ನೂ ಸೇರಿಸಿದರೆ ಮೊದಲನೆಯದರಿಂದ ದಿನಕ್ಕೆ ಸುಮಾರು 3.7 ಟನ್ ಬೂದಿ, ಎರಡನೆಯದರಿಂದ 0.7 ಟನ್. ಈ ಮೂರು ಟನ್ ಹೆಚ್ಚಿನ ಬೂದಿಯನ್ನು ಯಾರೋ ಒಬ್ಬ ಕಾರ್ಮಿಕ ಬಿಸಿಯಲ್ಲಿ ನಿಂತು ಎಳೆಯಬೇಕು, ಅದರ ಧೂಳನ್ನು ಉಸಿರಾಡಬೇಕು. ಟನ್ನಿನ ಬೆಲೆಪಟ್ಟಿಯಲ್ಲಿ ಇದಕ್ಕೆ ಕಾಲಂ ಇಲ್ಲ.

ಬೂದಿಯ ಪ್ರಮಾಣದಷ್ಟೇ ಅದರ ಗುಣವೂ ಮುಖ್ಯ. ಶುದ್ಧ ಸಿಲಿಕಾ ಕರಗಲು 1,700° ಸೆ. ಆಸುಪಾಸಿನ ಉಷ್ಣತೆ ಬೇಕು. ಪೊಟ್ಯಾಸಿಯಂ ಆಕ್ಸೈಡ್ ಜೊತೆಗೂಡಿದರೆ 800° ಸೆ.ಗಿಂತ ಕೆಳಗೇ ಕರಗುವ ಮಿಶ್ರಣ ಉಂಟಾಗಬಲ್ಲದು. ಕರಗಿದ ಬೂದಿ ಜಾಲರಿಯಲ್ಲಿ ಗಟ್ಟಿಗಡ್ಡೆಯಾಗುತ್ತದೆ, ಕೊಳವೆಗಳಿಗೆ ಅಂಟಿ ಶಾಖದ ಸಾಗಣೆಯನ್ನು ತಡೆಯುತ್ತದೆ. ಆದ್ದರಿಂದ ಎರಡು ಬಗೆಯ ತ್ಯಾಜ್ಯ ಬೆರೆಸಿದ ಬ್ರಿಕೆಟ್ ಬಂದಾಗ ಬೂದಿ ಎಷ್ಟು ಎಂದು ಕೇಳಿದರೆ ಸಾಲದು, ಯಾವುದರದು ಎಂದೂ ಕೇಳಬೇಕು.

ಜಿಲ್ಲೆಯೇ ಕಲಿಸಿದ ಪಾಠ

ಜೀವರಾಶಿಯ ವಿಷಯದಲ್ಲಿ ತುಮಕೂರು ಜಿಲ್ಲೆ ಹೊಸಬನಲ್ಲ. ಅಮೂಲ್ಯ ಕುಮಾರ್ ಎನ್. ರೆಡ್ಡಿಯವರ ಮುಂದಾಳ್ತನದಲ್ಲಿ 1974ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹುಟ್ಟಿದ ‘ಅಸ್ತ್ರ’ ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ವಿಸ್ತರಣಾ ಕೇಂದ್ರ ನಡೆಸಿತು. ಆ ಭಾಗದ ಆರು ಹಳ್ಳಿಗಳಲ್ಲಿ ಯಾವ ಕೆಲಸಕ್ಕೆ ಯಾವ ಶಕ್ತಿ, ಎಷ್ಟು ಎಂದು ಅಳೆದು ದಾಖಲಿಸಿತು. ಕುಣಿಗಲ್ ತಾಲ್ಲೂಕಿನ ಹೊಸಹಳ್ಳಿಯಲ್ಲಿ 1988ರಲ್ಲಿ 3.7 ಕಿಲೋವಾಟ್ ಸಾಮರ್ಥ್ಯದ ಸೌದೆ ಅನಿಲೀಕರಣ ಘಟಕ ಬಂದಾಗ ಇಂಧನಕ್ಕಾಗಿ ಗಿಡ ನೆಡುವ ಕೆಲಸವೂ ಜೊತೆಗೇ ನಡೆಯಿತು. ಮುಂದೆ 2001ರಲ್ಲಿ ಆರಂಭವಾದ ಗ್ರಾಮೀಣ ಭಾರತಕ್ಕೆ ಜೀವರಾಶಿ ಶಕ್ತಿ ಯೋಜನೆಯಡಿ ಕೊರಟಗೆರೆ ತಾಲ್ಲೂಕಿನ ಕಬ್ಬಿಗೆರೆಯಲ್ಲಿ ವಿದ್ಯುತ್ ಜಾಲಕ್ಕೆ ಜೋಡಿಸಿದ ಘಟಕಗಳು ಬಂದವು. ಸೌದೆಯನ್ನು ಕೂಡಿಸುವುದು, ಕತ್ತರಿಸುವುದು, ಒಣಗಿಸುವುದು ಎಂಜಿನ್ ನಡೆಸುವಷ್ಟೇ ಮುಖ್ಯವಾದ ಕೆಲಸಗಳೆಂದು ಇಂಥ ಪ್ರಯೋಗಗಳು ತೋರಿಸಿವೆ. ಮೊದಲು ಅಳತೆ, ಆಮೇಲೆ ಯಂತ್ರ. ಇಂಧನ ಎಲ್ಲಿಂದ ಬರುತ್ತದೆ ಎಂಬುದಕ್ಕೆ ಯಂತ್ರದಷ್ಟೇ ಗಮನ. ಬ್ರಿಕೆಟ್ ಕೊಳ್ಳುವಾಗಲೂ ಇದೇ ಪಾಠ ಅನ್ವಯಿಸುತ್ತದೆ.

‘ತ್ಯಾಜ್ಯ’ ಎಂಬ ಪದವನ್ನೂ ಅನುಮಾನದಿಂದ ನೋಡಬೇಕು. ರಾಗಿ ಹುಲ್ಲು ದನದ ಮೇವು. ತೆಂಗಿನ ಮಟ್ಟೆಯಿಂದ ನಾರು, ಚಿಪ್ಪಿನಿಂದ ಇದ್ದಿಲು ಮತ್ತು ಸಕ್ರಿಯ ಇಂಗಾಲ. ಹೊಲದಲ್ಲೇ ಕೊಳೆಯುವ ಕಡ್ಡಿ, ಎಲೆ ಮಣ್ಣಿನ ಇಂಗಾಲ. ಬಾಯ್ಲರಿಗೆ ಹೋಗಬೇಕಾದ್ದು ಇವೆಲ್ಲ ಉಪಯೋಗಗಳು ಮುಗಿದ ಮೇಲೆ ಉಳಿದದ್ದು. ಜೀವರಾಶಿ ಉರಿಸಿದರೆ ವಾತಾವರಣಕ್ಕೆ ಹೊಸ ಇಂಗಾಲ ಸೇರದು ಎಂಬ ಪಠ್ಯಪುಸ್ತಕದ ಮಾತು, ಉರಿದಷ್ಟು ಮತ್ತೆ ಬೆಳೆದಾಗ ಮಾತ್ರ, ಅದೂ ಒಣಗಿಸಲು, ಒತ್ತಲು, ಸಾಗಿಸಲು ಬಳಸಿದ ಇಂಧನವನ್ನು ಕಳೆದ ಮೇಲೆ ನಿಜ.

ಅಧ್ಯಾಪಕರಿಗೊಂದು ಸೂಚನೆ. ಇವೆಲ್ಲ ತರಗತಿಯಲ್ಲಿ ಪರೀಕ್ಷಿಸಬಹುದಾದ ವಿಷಯಗಳು. ಬ್ರಿಕೆಟ್ಟಿನ ತುಂಡುಗಳನ್ನು ತೂಗಿ, 105° ಸೆ.ನಲ್ಲಿ ತೂಕ ಸ್ಥಿರವಾಗುವವರೆಗೆ ಒಣಗಿಸಿ ಮತ್ತೆ ತೂಗಿದರೆ ತೇವ ತಿಳಿಯುತ್ತದೆ. ಕಾಲೇಜಿನ ಮಫಲ್ ಕುಲುಮೆಯಲ್ಲಿ 550° ಸೆ.ನಲ್ಲಿ ಸುಟ್ಟರೆ ಬೂದಿ ತಿಳಿಯುತ್ತದೆ. ಎದೆಮಟ್ಟದಿಂದ ಸಿಮೆಂಟು ನೆಲಕ್ಕೆ ಹಲವು ಬಾರಿ ಬೀಳಿಸಿ ಎಷ್ಟು ಪುಡಿಯಾಯಿತೆಂದು ತೂಗಿದರೆ ಗಟ್ಟಿತನದ ಅಂದಾಜು ಸಿಗುತ್ತದೆ. ಮಾದರಿಯನ್ನು ಚೀಲದ ಮೇಲ್ಭಾಗದಿಂದ ಮಾತ್ರ ತೆಗೆಯದೆ ಲೋಡಿನ ಹಲವು ಕಡೆಯಿಂದ ತೆಗೆಯಲು ಕಲಿಸಿ. ನಿಮ್ಮ ಊರಿನ ಗಿರಣಿಯವರಿಗೆ ಈ ಮೂರು ಅಂಕಿ ಬರೆದುಕೊಟ್ಟರೆ ಅವರು ಬೇಡವೆನ್ನಲಾರರು.

ಬ್ರಿಕೆಟ್ಟೋ ಪೆಲೆಟ್ಟೋ ಎಂಬ ಪ್ರಶ್ನೆಗೆ ಉತ್ತರ ಇಂಧನದಲ್ಲಿಲ್ಲ; ಕುಲುಮೆಯಲ್ಲಿ, ದಾರಿಯ ದೂರದಲ್ಲಿ, ಹೊಲದಲ್ಲಿ ಇದೆ. ಬೆಲೆ ಕೇಳುವಾಗ ‘ಟನ್ ಇಂಧನಕ್ಕೆ ಎಷ್ಟು’ ಎನ್ನದೆ ‘ಟನ್ ಹಬೆಗೆ ಎಷ್ಟು’ ಎಂದು ಕೇಳುವ ರೂಢಿ ಬಂದರೆ ಕೊಳ್ಳುವವರಿಗೂ ಪ್ರಾಮಾಣಿಕವಾಗಿ ಒಣಗಿಸಿ ಮಾರುವವರಿಗೂ ಲಾಭ. ಒಣಗಿಸಿದ್ದಕ್ಕೆ ಬೆಲೆ ಸಿಗದ ಮಾರುಕಟ್ಟೆಯಲ್ಲಿ ಯಾರೂ ಒಣಗಿಸುವುದಿಲ್ಲ.